ಮಂಗನ ಕಾಯಿಲೆ ಹಾಗೆ ಮಲೇರಿಯಾನೂ ಮಂಗನಿಂದಲೇ ಬಂದದ್ದಾ? ಅದು ಹೇಗೆ ಗೊತ್ತಾಗುತ್ತದೆ?

ನಾನು ಸೊರಬದವನು. ಮಂಗನ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ನಮ್ಮ ತಾಲೂಕಿನದೇ. ಹಾಗಾಗಿ ಮೊದಲು ಮಂಗನ ಪರವಾಗಿ ಒಂದು ಮಾತು. ಮಂಗನ ಕಾಯಿಲೆ ವೈರಸ್‌ನದು, ಉಣುಗು ಕಚ್ಚಿ ಬರುವಂಥದ್ದು. ಮಂಗ, ಪಾಪ, ನಮ್ಮ ಹಾಗೇ ಅದರಿಂದ ಸಾಯುತ್ತದೆ. 1957ರಲ್ಲಿ ಕಾಯಿಲೆ ಪತ್ತೆಯಾದದ್ದೂ ಕಾಡಲ್ಲಿ ಮಂಗಗಳು ಸತ್ತು ಬೀಳುತ್ತಿದ್ದುದರಿಂದಲೇ.

ಮಲೇರಿಯಾ ತರುವುದು ವೈರಸ್ ಅಲ್ಲ, ಒಂದೇ ಜೀವಕೋಶದ ಪರಾವಲಂಬಿ. ಅದರಲ್ಲಿ ಹಲವು ಜಾತಿ. ಜಾಸ್ತಿ ಜೀವ ತೆಗೆಯುವ ಫಾಲ್ಸಿಪಾರಂ ಬಂದದ್ದು ಆಫ್ರಿಕಾದ ಗೊರಿಲ್ಲಾದಿಂದ.

ಇದು ಗೊತ್ತಾದ ರೀತಿ ನನಗೆ ಬಹಳ ಇಷ್ಟ. ಗೊರಿಲ್ಲಾ ಹಿಡಿದು ರಕ್ತ ತೆಗೆಯುವುದು ಆಗುವ ಮಾತಾ? ಅದಕ್ಕೇ ಕಾಡಲ್ಲಿ ಬಿದ್ದ ಲದ್ದಿ ಆರಿಸಿದರು. ಗೊರಿಲ್ಲಾ, ಚಿಂಪಾಂಜಿ, ಚಿಂಪಾಂಜಿಯ ನೆಂಟ ಬೊನೊಬೊ ಎಲ್ಲದ್ದೂ ಸೇರಿ 3,000ದ ಹತ್ತಿರ. (ಭದ್ರಾ ಕಾಡಲ್ಲಿ ಹುಲಿ ಹಿಕ್ಕೆ ಹುಡುಕುವವರ ಬಗ್ಗೆ ಕೇಳಿ ನಗುತ್ತಿದ್ದೆ. ಇದನ್ನು ಓದಿದ ಮೇಲೆ ನಗು ನಿಂತಿತು.) ಲದ್ದಿಯಲ್ಲಿ ಸಿಕ್ಕ ಪರಾವಲಂಬಿಯ ಡಿಎನ್‌ಎ ಓದಿ, ಅಕ್ಷರ ಎಲ್ಲೆಲ್ಲಿ ಬದಲಾಗಿದೆ ನೋಡಿ, ವಂಶಾವಳಿ ಬರೆದರು. 2010ರಲ್ಲಿ ಉತ್ತರ ಬಂತು. ಮನುಷ್ಯರ ಫಾಲ್ಸಿಪಾರಂ ಎಲ್ಲ ಸೇರಿದರೂ ಗೊರಿಲ್ಲಾಗಳ ಪರಾವಲಂಬಿ ಮನೆತನದೊಳಗಿನ ಒಂದು ಸಣ್ಣ ಕವಲು, ಅಷ್ಟೇ.

ಫಾಲ್ಸಿಪಾರಂನ ಪೂರ್ತಿ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ, 2002ರಲ್ಲೇ ಓದಿ ಆಗಿತ್ತು. ಆಮೇಲೆ ಅದರ ನೆಂಟರ ಜೀನೋಮ್‌ಗಳನ್ನೂ ಓದಿ ಹೋಲಿಸಿದಾಗ, ಗೊರಿಲ್ಲಾದ ಪರಾವಲಂಬಿಯಿಂದ ಇದು ಬೇರೆಯಾಗಲು ಶುರುವಾದದ್ದು ಸುಮಾರು 50,000 ವರ್ಷದ ಹಿಂದೆ ಅಂತ 2018ರಲ್ಲಿ ಲೆಕ್ಕ ಸಿಕ್ಕಿತು.

ಇನ್ನೊಂದು ವಿಚಿತ್ರ. ನಮ್ಮ ಕೆಂಪು ರಕ್ತಕಣದೊಳಗೆ ನುಗ್ಗಲು ಅದಕ್ಕೆ ಆರ್‌ಎಚ್5 ಅನ್ನುವ ಪ್ರೋಟೀನ್ ಬೇಕೇ ಬೇಕು. ಆ ಜೀನ್ ಅದರ ಸ್ವಂತದ್ದಲ್ಲ. ಗೊರಿಲ್ಲಾದಲ್ಲೇ ಇದ್ದ ಇನ್ನೊಂದು ಜಾತಿಯ ಪರಾವಲಂಬಿಯಿಂದ ಬಂದದ್ದು. ಬೀಗ ಒಬ್ಬರದು, ಕೀಲಿಕೈ ಇನ್ನೊಬ್ಬರಿಂದ ಕದ್ದದ್ದು ಅನ್ನಿ.

ಆದರೆ ನಿಮ್ಮ ಅನುಮಾನ ಸುಮ್ನೆ ಅಲ್ಲ. ನೋಲೆಸಿ ಅಂತ ಒಂದು ಜಾತಿ ಇದೆ. ಮಲೇಷ್ಯಾದಲ್ಲಿ ಇವತ್ತಿಗೂ ಮಂಗಗಳಿಂದ ಸೊಳ್ಳೆ ಮೂಲಕ ಜನಕ್ಕೆ ಬರುತ್ತದೆ. ಅದು 24 ಗಂಟೆಗೊಮ್ಮೆ ಹೆಚ್ಚುವುದರಿಂದ ಜ್ವರ ದಿನಾ ಏರುತ್ತದೆ. ನಮ್ಮಜ್ಜಿ ಹೇಳುತ್ತಿದ್ದ ಮಲೆನಾಡಿನ ಚಳಿಜ್ವರ ಹಾಗಲ್ಲ. ದಿನ ಬಿಟ್ಟು ದಿನ, ಮೂರು ಕಂಬಳಿ ಹೊದ್ದರೂ ನಡುಗುತ್ತಿದ್ದರಂತೆ.