ಓದುಗರ ಪ್ರಶ್ನೆ: ಪಾರ್ಟ್‌ಟೈಮ್ ಕೆಲಸದವರಿಗೆ ಕಾಯಿಲೆ ರಜೆ ಉಂಟೇ?

ಪ್ರಶ್ನೆ: ಮಡಿಕೇರಿಯಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಒಂದು ವರ್ಷದಿಂದ ಕಾಫಿಪುಡಿ, ಏಲಕ್ಕಿ, ಜೇನು ಮಾರುವ ಅಂಗಡಿಯೊಂದರಲ್ಲಿ ಸಂಜೆ ನಾಲ್ಕು ಗಂಟೆ ಬಿಲ್ಲಿಂಗ್ ಕೆಲಸ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇಲ್ಲ. ಟೈಫಾಯ್ಡ್ ಬಂದು 8 ದಿನ ಹೋಗಲಿಲ್ಲ. ಅಷ್ಟೂ ದಿನದ ಸಂಬಳ ಹಿಡಿದರು. ‘ಪಾರ್ಟ್‌ಟೈಮ್‌ನವರಿಗೆ ರಜೆಗಿಜೆ ಇಲ್ಲ’ ಎನ್ನುತ್ತಾರೆ. ಸರಿಯೇ?

ಉತ್ತರ: ಸರಿಯಲ್ಲ. ನಿಮಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ 15ನೇ ಕಲಂ ಪ್ರಕಾರ ಕಾಯಿಲೆ, ಅಪಘಾತ ಅಥವಾ ಬೇರೆ ಸಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳಸಹಿತ ರಜೆ ಉಂಟು. ಗಳಿಕೆ ರಜೆಯ ಲೆಕ್ಕ ಬೇರೆ. ದಿನಕ್ಕೆ ಇಷ್ಟು ಗಂಟೆ ದುಡಿದವರಿಗೆ ಮಾತ್ರ ಎಂಬ ಷರತ್ತಿಲ್ಲ. ‘ಪೂರ್ಣವಾಗಿ ಅಥವಾ ಪ್ರಧಾನವಾಗಿ’ ಕೆಲಸಕ್ಕಿರುವವರು ನೌಕರರು ಎಂಬ ವ್ಯಾಖ್ಯೆಯನ್ನು ಹಿಡಿದು ಮಾಲೀಕರು ವಾದಿಸಬಹುದು. ಆದರೆ ಓದು ಉದ್ಯೋಗವಲ್ಲ, ನಿಮಗಿರುವ ಉದ್ಯೋಗ ಇದೊಂದೇ. ಆ ವಾದ ನಿಲ್ಲದು ಎಂಬುದು ನಮ್ಮ ಅಭಿಪ್ರಾಯ.

ಇಂಥ ದೂರುಗಳು ಬಿದ್ದುಹೋಗುವುದು ಕಾಗದವಿಲ್ಲದೆ. ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕ ಪತ್ರ ಕೊಡಬೇಕೆಂದು ಕಲಂ 6-ಎ ಹೇಳುತ್ತದೆ. ಕೊಟ್ಟಿರದಿದ್ದರೆ ಈಗ ಕೇಳಿ. ಸಂಬಳ ಫೋನ್‌ಪೇನಲ್ಲಿ ಬರುತ್ತಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ವೈದ್ಯರ ಚೀಟಿಯಲ್ಲಿ ‘ಇಂಥ ದಿನದಿಂದ ಇಂಥ ದಿನದವರೆಗೆ ವಿಶ್ರಾಂತಿ ಬೇಕಿತ್ತು’ ಎಂದಿರಬೇಕು. ‘ಈಗ ಗುಣವಾಗಿದ್ದಾರೆ’ ಎಂದಷ್ಟೇ ಬರೆಸಿಕೊಂಡು ಬರುವವರೇ ಹೆಚ್ಚು, ಅದರಿಂದ ರಜೆಯ ದಿನಗಳು ಸಾಬೀತಾಗವು. ಹಿಡಿದ ಹಣ ಕೇಳಿ ಎರಡು ಪ್ರತಿ ಅರ್ಜಿ ಬರೆಯಿರಿ, ಒಂದರ ಮೇಲೆ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ಉತ್ತರ ಬಾರದಿದ್ದರೆ ಇಷ್ಟನ್ನೂ ಲಗತ್ತಿಸಿ ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡಿ.

ಪ್ರಶ್ನೆ: ಕುಶಾಲನಗರದ ಹತ್ತಿರ ರೆಸಾರ್ಟ್‌ನಲ್ಲಿ ಶನಿವಾರ, ಭಾನುವಾರ ಮಾತ್ರ ಕೆಲಸ. ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಾರೆ. ಜ್ವರ ಬಂದರೆ ದುಡ್ಡು ಸಿಗುತ್ತದೆಯೇ?

ಉತ್ತರ: ಚಿಕಿತ್ಸೆ ಸಿಗುತ್ತದೆ, ಕಾಯಿಲೆ ಭತ್ಯೆ ಸಿಗುವುದು ಕಷ್ಟ. ಭತ್ಯೆಗೆ ಆರು ತಿಂಗಳ ವಂತಿಗೆ (ಇಎಸ್‌ಐಗೆ ಕಟ್ಟುವ ಹಣ) ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬೇಕು. ವಾರಕ್ಕೆ ಎರಡು ದಿನವೆಂದರೆ 26 ವಾರಕ್ಕೆ 52. ಮೂರು ದಿನವಾದರೆ ಸರಿಯಾಗಿ 78. ಮಳೆಗಾಲದಲ್ಲಿ ರೆಸಾರ್ಟ್ ಖಾಲಿಯೆಂದು ಒಂದು ವಾರ ಬರಬೇಡ ಎಂದರೂ ತಪ್ಪಿತು. ಲೆಕ್ಕ ದಿನದ್ದು, ಗಂಟೆಯದ್ದಲ್ಲ. ಹಾಗಾಗಿ ಎಂಟು ಗಂಟೆಯ ಎರಡು ದಿನಕ್ಕಿಂತ ನಾಲ್ಕು ಗಂಟೆಯ ನಾಲ್ಕು ದಿನ ನಿಮಗೆ ಲಾಭ.

ಏಪ್ರಿಲ್–ಸೆಪ್ಟೆಂಬರ್‌ನ ವಂತಿಗೆಗೆ ಭತ್ಯೆ ಮುಂದಿನ ಜನವರಿ–ಜೂನ್‌ನಲ್ಲಿ, ಅಕ್ಟೋಬರ್–ಮಾರ್ಚ್‌ನದಕ್ಕೆ ಜುಲೈ–ಡಿಸೆಂಬರ್‌ನಲ್ಲಿ. ಮೊತ್ತ ಸರಾಸರಿ ದಿನಗೂಲಿಯ ಶೇ 70, ವರ್ಷಕ್ಕೆ ಹೆಚ್ಚೆಂದರೆ 91 ದಿನ. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಇಲ್ಲ. ₹400 ಕೂಲಿಯವರು 8 ದಿನ ಮಲಗಿದರೆ 6 ದಿನಕ್ಕೆ ₹280ರಂತೆ ₹1,680. ಅದೇ ದಿನಗಳಿಗೆ ಮಾಲೀಕರು ಸಂಬಳಸಹಿತ ರಜೆ ಬರೆದಿದ್ದರೆ ಭತ್ಯೆ ಬಾರದು.

ಪ್ರಶ್ನೆ: ಸೋಮವಾರಪೇಟೆಯ ಬೇಕರಿಗೆ ಸೇರಿ ಎರಡೇ ವಾರ, ಬ್ರೆಡ್ ಕತ್ತರಿಸುವ ಯಂತ್ರಕ್ಕೆ ಬೆರಳು ಸಿಕ್ಕಿತು. ಇಎಸ್‌ಐ ಇದೆ. 78 ದಿನ ಆಗಿಲ್ಲವಲ್ಲ?

ಉತ್ತರ: ಕೆಲಸದಲ್ಲಾದ ಗಾಯಕ್ಕೆ 78 ದಿನದ ನಿಯಮವಿಲ್ಲ, ಭತ್ಯೆಯೂ ಶೇ 90. ಗಾಯದ ದಿನ ಬಿಟ್ಟು ಕನಿಷ್ಠ ಮೂರು ದಿನ ಕೆಲಸ ಮಾಡಲಾಗದ ಸ್ಥಿತಿ ಇರಬೇಕು. ಬೇಕರಿಯವರು ಇಡಬೇಕಾದ ಅಪಘಾತ ಪುಸ್ತಕದಲ್ಲಿ ಹೆಸರು, ಹೊತ್ತು ಬರೆದಿದ್ದಾರೆಯೇ ಎಂದು ಇವತ್ತೇ ನೋಡಿ. ‘ಮನೆಯಲ್ಲಿ ಚಾಕು ತಾಗಿತು’ ಎಂದು ಆಸ್ಪತ್ರೆಯಲ್ಲಿ ಹೇಳಲು ಯಾರು ಒತ್ತಾಯಿಸಿದರೂ ಒಪ್ಪಬೇಡಿ. ಕೇಸ್ ಶೀಟಿನಲ್ಲಿ ಹಾಗೆಂದು ದಾಖಲಾದರೆ ಗಾಯ ಕೆಲಸದಲ್ಲೇ ಆಯಿತೆಂದು ತೋರಿಸುವುದು ಬಹಳ ಕಷ್ಟ.