‘ನಿಮ್ಮ ಅಜರ್’ ಅಂದ ದಿನ

ಮಗನಿಗೆ ಹತ್ತು ವರ್ಷ, ಭಾರತ ಕ್ರಿಕೆಟ್ ತಂಡದ ಹಳೇ ನಾಯಕ ಅಜರುದ್ದೀನ್ ಬ್ಯಾಟಿಂಗ್ ತೋರಿಸಬೇಕು ಅಂತ ಆಸೆ, ಆದರೆ ಮ್ಯಾಚ್ ಫಿಕ್ಸಿಂಗ್, ಅಂದರೆ ದುಡ್ಡಿಗೆ ಆಟ ಮಾರಿಕೊಂಡ ಆರೋಪದ ವಿಷಯ ಬಂದರೆ ಏನು ಹೇಳೋದು, ಆಟಾನೇ ಬೇರೆ ಮನುಷ್ಯನೇ ಬೇರೆ ಅಂತ ನೋಡೋಕೆ ಆಗುತ್ತಾ ಅಂತ ಕೇಳಿದ್ದೀರಿ. ಈ ಪ್ರಶ್ನೆಗೆ ನಾನು ಹದಿನೆಂಟನೇ ವಯಸ್ಸಿನಲ್ಲಿ ಒಂದು ಟೀ ಅಂಗಡಿಯಲ್ಲಿ ಉತ್ತರ ಕೊಟ್ಟಿದ್ದೆ. ಅದರ ಸಾಲ ಇನ್ನೂ ತೀರಿಲ್ಲ.

ನಮ್ಮೂರು ಭದ್ರಾವತಿ. ಜಿ.ಆರ್. ವಿಶ್ವನಾಥ್ ಹುಟ್ಟಿದ ಊರು. ಮಣಿಕಟ್ಟಿನ ಆಟ ಅಂದರೆ ನಮ್ಮ ಹಿರಿಯರಿಗೆ ಹೆಚ್ಚುಕಮ್ಮಿ ಮನೆದೇವರು. ವಿಶಿ ಕೊನೆಯ ಟೆಸ್ಟ್ ಆಡಿದ್ದು 1983ರ ಆರಂಭದಲ್ಲಿ. 1984ರ ಡಿಸೆಂಬರ್ 31ಕ್ಕೆ ಕಲ್ಕತ್ತಾದಲ್ಲಿ ಅಜರ್ ಶುರುವಾದ, ಮೊದಲ ಮೂರು ಟೆಸ್ಟ್‌ನಲ್ಲಿ ಮೂರು ಸೆಂಚುರಿ. ‘ದೇವಸ್ಥಾನ ಖಾಲಿ ಬಿಡಬಾರದು ಅಂತ ಇನ್ನೊಬ್ಬನನ್ನ ಕಳಿಸಿದಾರೆ’ ಅಂತ ನಮ್ಮಪ್ಪ ಹೇಳ್ತಿದ್ದರು. ಆಫ್ ಸ್ಟಂಪ್ ಆಚೆಯ ಚೆಂಡನ್ನು ಮಿಡ್‌ವಿಕೆಟ್‌ಗೆ ತಿರುಗಿಸೋದು ಪುಸ್ತಕದ ಪ್ರಕಾರ ತಪ್ಪು. ಅಜರ್ ಮಾಡಿದರೆ ಪುಸ್ತಕವೇ ತಪ್ಪು ಅನ್ನಿಸೋದು.

ನಮ್ಮ ಟೀಮಿನಲ್ಲಿ ಒಬ್ಬ ಹುಡುಗ ಇದ್ದ. ಅಜರ್ ಥರ ಅಂಗಿಯ ಕಾಲರ್ ಎತ್ತಿಕೊಂಡೇ ಆಡೋನು, ಕೊರಳಿನ ತಾಯಿತ ಹೊರಗೆ ಬಿಟ್ಟುಕೊಂಡು. ಹಾಗಾಗಿ ಅವನಿಗೆ ‘ಕಾಲರ್’ ಅಂತಲೇ ಹೆಸರು, ಇಲ್ಲೂ ಅದೇ ಇರಲಿ. ಅವನ ಅಪ್ಪ ನಮ್ಮಪ್ಪ ಇಬ್ಬರೂ ಕಾರ್ಖಾನೆಯಲ್ಲಿ ಒಂದೇ ಶಿಫ್ಟ್. ಅವರ ಮನೆಯಲ್ಲಿ ಕಲರ್ ಟಿವಿ ಇತ್ತು, ನಮ್ಮಲ್ಲಿ ಇರಲಿಲ್ಲ. ಪ್ರತಿ ರಂಜಾನ್‌ಗೆ ಅವನ ಅಮ್ಮಿ ಒಂದು ಸ್ಟೀಲ್ ಡಬ್ಬಿಯಲ್ಲಿ ಶೀರ್ ಖುರ್ಮಾ ಕಳಿಸೋರು, ಯುಗಾದಿಗೆ ಅದೇ ಡಬ್ಬಿಯಲ್ಲಿ ಹೋಳಿಗೆ ವಾಪಸ್ ಹೋಗೋದು. ಡಬ್ಬಿ ಯಾರ ಮನೆಯದು ಅನ್ನೋದೇ ಮರೆತುಹೋಗಿತ್ತು.

1996ರಲ್ಲಿ ದಕ್ಷಿಣ ಆಫ್ರಿಕಾ ಬಂದಾಗ ಈಡನ್ ಗಾರ್ಡನ್ಸ್ ಟೆಸ್ಟನ್ನು ನೋಡಿದ್ದು ಅವರ ಮನೆಯಲ್ಲೇ. ಮೊಣಕೈಗೆ ಏಟು ಬಿದ್ದು ಅಜರ್ ಒಳಗೆ ಹೋದ. ವಾಪಸ್ ಬಂದು 74 ಎಸೆತಕ್ಕೆ ನೂರು. ಆಗ ಕಪಿಲ್ ಹೆಸರಿನಲ್ಲಿದ್ದ ಭಾರತದ ದಾಖಲೆಗೆ ಸಮ. ಅದೇ ಮೊದಲ ಟೆಸ್ಟ್ ಆಡ್ತಿದ್ದ ಕ್ಲೂಸೆನರ್‌ಗೆ ಒಂದೇ ಓವರಿನಲ್ಲಿ ಸಾಲಾಗಿ ಐದು ಫೋರ್. ಆ ತುದಿಯಲ್ಲಿ ನಮ್ಮ ಕುಂಬ್ಳೆ 88 ಹೊಡೆದ. ಇಬ್ಬರೂ ಸೇರಿ ಎಂಟನೇ ವಿಕೆಟ್‌ಗೆ 161. ಮ್ಯಾಚ್ 329 ರನ್‌ನಿಂದ ಸೋತೆವು, ಅದು ಬೇರೆ ಮಾತು. (‘ನಮ್ಮ ಕುಂಬ್ಳೆ’ ಅಂತ ಎಷ್ಟು ಸಲೀಸಾಗಿ ಬರುತ್ತೆ ನೋಡಿ. ಆಗ ‘ನಮ್ಮ ಅಜರ್’ ಕೂಡ ಅಷ್ಟೇ ಸಲೀಸಾಗಿ ಬರ್ತಿತ್ತು.)

2000ದ ಮಾರ್ಚ್. ನಮಗೆ ಸೆಕೆಂಡ್ ಪಿಯು ಪರೀಕ್ಷೆ ತಲೆ ಮೇಲೆ. ಚಿನ್ನಸ್ವಾಮಿಯಲ್ಲಿ ಮತ್ತೆ ದಕ್ಷಿಣ ಆಫ್ರಿಕಾ, ಅಜರ್‌ನನ್ನು ವಾಪಸ್ ತಂಡಕ್ಕೆ ತಗೊಂಡಿದ್ದರು. ಬೆಂಗಳೂರಿಗೆ ಹೋಗ್ತೀವಿ ಅಂದರೆ ಮನೆಯಲ್ಲಿ ಕಾಲು ಮುರೀತಿದ್ದರು, ಮತ್ತೆ ಕಾಲರ್ ಮನೆ ಟಿವಿಯೇ ಗತಿ. ಭಾರತ ಇನಿಂಗ್ಸ್ ಮತ್ತು 71 ರನ್‌ನಿಂದ ಮಣ್ಣು ಮುಕ್ಕಿತು. ಬೋಯೆ ಅನ್ನೋ ಎಡಗೈ ಸ್ಪಿನ್ನರ್ 85 ಹೊಡೆದಿದ್ದಲ್ಲದೆ ಎರಡನೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಬೇರೆ ತೆಗೆದ. ಆ ಕುಸಿತದ ನಡುವೆ ಅಜರ್ 102. ಅದು ಅವನ 99ನೇ ಟೆಸ್ಟ್. ‘ನೂರನೇದಕ್ಕೆ ಏನೇ ಆಗ್ಲಿ ಹೋಗೋಣ ಕಣೋ’ ಅಂದ ಕಾಲರ್. ಅಮ್ಮಿ ಮಂಡಕ್ಕಿ ತಂದಿಟ್ಟರು.

ನೂರನೇದು ಬರಲೇ ಇಲ್ಲ. ಏಪ್ರಿಲ್ 7ಕ್ಕೆ ದೆಹಲಿ ಪೊಲೀಸರು ದಕ್ಷಿಣ ಆಫ್ರಿಕಾ ನಾಯಕ ಹ್ಯಾನ್ಸಿ ಕ್ರೋನಿಯೆ ಒಬ್ಬ ಬುಕಿ (ಬೆಟ್ಟಿಂಗ್ ದಂಧೆಯವನು) ಜೊತೆ ಮಾತಾಡಿದ್ದು ಟೇಪಿನಲ್ಲಿದೆ ಅಂದರು. ನಾಲ್ಕು ದಿನದಲ್ಲಿ ಕ್ರೋನಿಯೆ ದುಡ್ಡು ತಗೊಂಡಿದ್ದು ಒಪ್ಪಿಕೊಂಡ. ಜೂನ್‌ನಲ್ಲಿ ಅಲ್ಲಿನ ಕಿಂಗ್ ಆಯೋಗದ ಮುಂದೆ, 1996ರಲ್ಲಿ ಕಾನ್ಪುರದ ಹೋಟೆಲಿನಲ್ಲಿ ತನಗೆ ಬುಕಿಯನ್ನು ಪರಿಚಯಿಸಿದ್ದು ಅಜರ್ ಅಂದ. ಅಜರ್ ನಿರಾಕರಿಸಿದ. ಅಲ್ಪಸಂಖ್ಯಾತ ಅನ್ನೋ ಕಾರಣಕ್ಕೆ ತನ್ನನ್ನು ಗುರಿ ಮಾಡಿದಾರೆ ಅಂತ ಅಜರ್ ಹೇಳಿದ್ದು, ಆಮೇಲೆ ಆ ಮಾತಿಗೆ ವಿಷಾದ ಹೇಳಿದ್ದು ಎಲ್ಲ ಆ ವರ್ಷದ್ದೇ. ವಿಷಾದ ಹೇಳಿದ್ದು ಯಾರಿಗೂ ನೆನಪಿರಲಿಲ್ಲ, ಮೊದಲಿನ ಮಾತು ಎಲ್ಲರಿಗೂ ನೆನಪಿತ್ತು. ಸಿಬಿಐ ವರದಿ ಬಂತು. ಡಿಸೆಂಬರ್ 5ಕ್ಕೆ ಬಿಸಿಸಿಐ ತೀರ್ಪು: ಅಜರ್‌ಗೂ ಅಜಯ್ ಶರ್ಮಾಗೂ ಆಜೀವ ನಿಷೇಧ, ಅಜಯ್ ಜಡೇಜಾಗೂ ಪ್ರಭಾಕರ್‌ಗೂ ಐದು ವರ್ಷ.

ಮರುದಿನ ಟೀ ಅಂಗಡಿಯಲ್ಲಿ ಆರೇಳು ಜನ, ಒಂದು ಪೇಪರ್. ರಂಜಾನ್ ತಿಂಗಳು. ಕಾಲರ್ ಉಪವಾಸ ಇದ್ದ, ನಾವು ಟೀ ಕುಡಿಯೋದನ್ನ ನೋಡ್ತಾ ಬೆಂಚಿನ ತುದಿಯಲ್ಲಿ ಸುಮ್ಮನೆ ಕೂತಿದ್ದ. ಯಾರೋ ಜಡೇಜಾ ಹೆಸರು ಓದಿದರು. ನಾನೇ ಅಂದೆ, ‘ಪಾಪ, ಹುಡುಗ. 96ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ನಮ್ಮ ಚಿನ್ನಸ್ವಾಮಿಯಲ್ಲಿ ಪಾಕಿಸ್ತಾನದ ವಕಾರ್‌ಗೆ ಹೊಡೆದಿದ್ದು ಮರೆಯೋಕಾಗುತ್ತಾ, 25 ಬಾಲಿಗೆ 45.’ ಆಮೇಲೆ ಅಜರ್ ಹೆಸರು ಬಂತು. ಕಾಲರ್ ಕಡೆ ತಿರುಗಿ ಅಂದೆ:

‘ನೋಡಪ್ಪ, ನಿಮ್ಮ ಅಜರ್ ಮಾಡಿದ ಕೆಲಸ.’

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: ‘ಹಂಗಾದ್ರೆ ಜಡೇಜಾ ನಿಮ್ಮವನಾ?’

ಸೈಕಲ್ ತಗೊಂಡು ಹೋದ. ಅಷ್ಟೇ. ಹೊಡೆದಾಟ ಇಲ್ಲ, ಬೈಗುಳ ಇಲ್ಲ.

ಈ ಒಂದು ಪದದ ಬಗ್ಗೆ ನಾನು ಎಷ್ಟು ಯೋಚನೆ ಮಾಡಿದ್ದೀನಿ ಅಂದರೆ, ನನ್ನ ಹೆಂಡತಿಗೆ ಕೇಳಿ ಕೇಳಿ ಬೇಜಾರಾಗಿದೆ. ನೀವೂ ಸ್ವಲ್ಪ ಸಹಿಸಿಕೊಳ್ಳಿ. ನನಗೆ ಕೋಮು ದ್ವೇಷ ಇತ್ತಾ? ಇರಲಿಲ್ಲ ಅಂತಲೇ ಆಣೆ ಮಾಡ್ತಿದ್ದೆ. ಅವರ ಮನೆಯಲ್ಲಿ ಉಂಡು ಬೆಳೆದೋನು ನಾನು. ನನಗೆ ಇದ್ದದ್ದು ಅವಮಾನ. ಏಳೆಂಟು ವರ್ಷ ಆರಾಧಿಸಿದೋನು ಹೀಗಾದ ಅನ್ನೋದನ್ನ ಹೊರಲಾರದೆ, ಯಾರ ತಲೆಗಾದರೂ ಕಟ್ಟಬೇಕಿತ್ತು. ನಾಲಿಗೆಗೆ ಸಿಕ್ಕಿದ ಸುಲಭದ ದಾರಿ ಅದು. ಸುಲಭದ ದಾರಿ ಹೇಗೆ ಸಿಕ್ಕಿತು ಅಂದರೆ, ಮೊದಲೇ ಯಾರೋ ಹಾಕಿಟ್ಟಿದ್ದರು. ವರ್ಷಗಟ್ಟಲೆ ದೊಡ್ಡವರ ಮಾತಿನ ಸಂದಿಯಲ್ಲಿ ಕೇಳಿಸಿಕೊಂಡಿದ್ದು ನನ್ನೊಳಗೆ ಎಲ್ಲೋ ಕೂತಿತ್ತು. ಗೆದ್ದಾಗ ‘ನಮ್ಮ’, ಸಿಕ್ಕಿಬಿದ್ದಾಗ ‘ನಿಮ್ಮ’. ಜಡೇಜಾಗೆ ಇದೇ ನಿಯಮ ಹಾಕಿದ್ದರೆ ‘ಬಾಯಿ ತಪ್ಪಿ ಬಂತು’ ಅನ್ನಬಹುದಿತ್ತು. ಅವನಿಗೆ ‘ಪಾಪ’ ಅಂದು ಒಂದು ನಿಮಿಷ ಆಗಿರಲಿಲ್ಲ. ಕಾಲರ್ ಹಿಡಿದದ್ದು ಅದನ್ನೇ. ಅವನು ಅಜರ್ ಪರ ಒಂದು ಮಾತೂ ಆಡಲಿಲ್ಲ ಅನ್ನೋದನ್ನ ಗಮನಿಸಿ. ಅವನಿಗೂ ನನ್ನಷ್ಟೇ ಹೊಟ್ಟೆ ಉರಿದಿತ್ತು, ಬಹುಶಃ ಜಾಸ್ತಿಯೇ. ನಾವಿಬ್ಬರೂ ಕೂತು ಅತ್ತುಬಿಡಬಹುದಾಗಿತ್ತು. ಅವನಿಗೆ ಅಳೋ ಹಕ್ಕನ್ನೂ ನಾನು ಬಿಡಲಿಲ್ಲ, ಆರೋಪಿಯ ಕಡೆಯ ಸಾಕ್ಷಿ ಮಾಡಿ ನಿಲ್ಲಿಸಿದೆ.

ಆ ವರ್ಷ ಹಬ್ಬಕ್ಕೆ ಡಬ್ಬಿ ಬರಲಿಲ್ಲ. ‘ಯಾಕೋ, ಅವರಿಗೆ ಹುಷಾರಿಲ್ವಾ?’ ಅಂತ ಅಮ್ಮ ಕೇಳಿದಳು. ಗೊತ್ತಿಲ್ಲ ಅಂದೆ. ಯುಗಾದಿಗೆ ಕಳಿಸೋಕೆ ನಮ್ಮಲ್ಲಿ ಡಬ್ಬಿಯೂ ಇರಲಿಲ್ಲ. ಬೇರೆ ಡಬ್ಬಿಯಲ್ಲಿ ಕಳಿಸಬಹುದಿತ್ತು ಅನ್ನೋದು ಈಗ ಹೊಳೆಯುತ್ತೆ. ಆಮೇಲೆ ಅವರು ಕ್ವಾರ್ಟರ್ಸ್ ಬಿಟ್ಟರು, ಕಾಲರ್ ಸೌದಿಯ ದಮಾಮ್‌ಗೆ ಹೋದ. ಅಮ್ಮಿ ತೀರಿಕೊಂಡ ಸುದ್ದಿ ನನಗೆ ಮೂರು ತಿಂಗಳು ತಡವಾಗಿ, ಮದುವೆ ಮನೆಯೊಂದರ ಊಟದ ಪಂಕ್ತಿಯಲ್ಲಿ, ಎಲೆಗೆ ಸಾರು ಬಡಿಸಿಕೊಳ್ತಾ ಇದ್ದಾಗ ಗೊತ್ತಾಯ್ತು.

ಈಗ ನಿಮ್ಮ ಪ್ರಶ್ನೆ. ಆಟ ಬೇರೆ, ಮನುಷ್ಯ ಬೇರೆ ಮಾಡೋಕೆ ಆಗುತ್ತಾ? ಇಂಥ ಪ್ರಕರಣದಲ್ಲಿ ಆಗಲ್ಲ, ಆ ಆಸೆ ಬಿಡಿ. ಆಟಗಾರ ಮೈದಾನದ ಹೊರಗೆ ತಪ್ಪು ಮಾಡಿದರೆ ಸ್ಕೋರ್‌ಬೋರ್ಡ್ ಸ್ವಚ್ಛವಾಗೇ ಇರುತ್ತೆ, ಅಂಥಲ್ಲಿ ಬೇಕಾದರೆ ಬೇರೆ ಮಾಡಿ. ಫಿಕ್ಸಿಂಗ್, ಡೋಪಿಂಗ್ (ಮದ್ದು ತಗೊಂಡು ಆಡೋದು) ಆರೋಪ ಹಾಗಲ್ಲ, ಹಾಲಿಗೆ ಹುಳಿ ಬಿದ್ದ ಹಾಗೆ. ಕಾನ್ಪುರವನ್ನೇ ನೋಡಿ. ಆ ಟೆಸ್ಟಿನಲ್ಲಿ ಅಜರ್ ಔಟಾಗದೆ 163 ಹೊಡೆದ, ಭಾರತ 280 ರನ್‌ನಿಂದ ಗೆದ್ದಿತು. ಕ್ರೋನಿಯೆ ಹೇಳಿದ ಹೋಟೆಲ್ ಕೋಣೆಯ ಕಥೆ ಅದೇ ಟೆಸ್ಟಿನ ಮೂರನೇ ದಿನದ ಸಂಜೆಯದು. ಯಾವ ಚಾಕು ತಗೊಂಡು ಇದನ್ನ ಎರಡು ಹೋಳು ಮಾಡ್ತೀರಿ?

ಹಾಗಂತ ಅಳಿಸಿಹಾಕಬೇಕಾ? ಸೈಕ್ಲಿಂಗ್‌ನವರು ಡೋಪಿಂಗ್‌ಗೆ ಸಿಕ್ಕಿಬಿದ್ದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಏಳೂ ಟೂರ್ ಡಿ ಫ್ರಾನ್ಸ್ ಪ್ರಶಸ್ತಿ ಕಿತ್ತುಕೊಂಡು ಆ ಜಾಗ ಖಾಲಿ ಬಿಟ್ಟರು. ಕ್ರಿಕೆಟ್ ಹಾಗೆ ಮಾಡಲಿಲ್ಲ. 2000ದ ಜನವರಿಯಲ್ಲಿ ಸೆಂಚೂರಿಯನ್‌ನಲ್ಲಿ, ಮಳೆಗೆ ದಿನಗಟ್ಟಲೆ ಕೊಚ್ಚಿಹೋದ ಟೆಸ್ಟ್‌ಗೆ ಇನಿಂಗ್ಸ್ ಬಿಟ್ಟುಕೊಟ್ಟು ಫಲಿತಾಂಶ ಬರುವ ಹಾಗೆ ಮಾಡಿದ್ದು ಕ್ರೋನಿಯೆ. ಅದರ ಹಿಂದೆ ಒಬ್ಬ ಬುಕಿ ಕೊಟ್ಟ ದುಡ್ಡೂ ಒಂದು ಲೆದರ್ ಜಾಕೆಟ್ಟೂ ಇತ್ತು. ಆ ಮ್ಯಾಚ್ ಇವತ್ತಿಗೂ ಇಂಗ್ಲೆಂಡ್ ಎರಡು ವಿಕೆಟ್‌ನಿಂದ ಗೆದ್ದಿದ್ದು ಅಂತಲೇ ದಾಖಲೆಯಲ್ಲಿದೆ. ಅಜರ್‌ನ 99 ಟೆಸ್ಟ್, 6215 ರನ್, 22 ಸೆಂಚುರಿ ಕೂಡ ಇದ್ದ ಜಾಗದಲ್ಲೇ ಇವೆ. ನನಗೆ ಕ್ರಿಕೆಟ್‌ನ ದಾರಿಯೇ ಸರಿ ಅನ್ನಿಸುತ್ತೆ. ಖಾಲಿ ಜಾಗ ನೋಡಿದ ಮಗುವಿಗೆ ಏನೂ ಗೊತ್ತಾಗಲ್ಲ. ಕಲೆ ಇರೋ ಬಟ್ಟೆ ನೋಡಿದರೆ ಕೇಳಾದರೂ ಕೇಳುತ್ತೆ.

ಕೇಳಿದರೆ ಏನು ಹೇಳೋದು ಅನ್ನೋದೇ ನಿಮ್ಮ ಭಯ ಅಲ್ವಾ. ನಡೆದದ್ದನ್ನ ನಡೆದ ಹಾಗೆ ಹೇಳಿ. ಸಿಬಿಐ ಹೀಗಂತು, ಬೋರ್ಡ್ ಹೀಗೆ ಮಾಡಿತು, 2012ರ ನವೆಂಬರ್ 8ಕ್ಕೆ ಆಂಧ್ರಪ್ರದೇಶ ಹೈಕೋರ್ಟ್ ಆ ನಿಷೇಧ ಕಾನೂನುಬಾಹಿರ ಅಂದಿತು. ಆ ಹೊತ್ತಿಗೆ ಅಜರ್‌ಗೆ 49 ವರ್ಷ, ಮೊರಾದಾಬಾದ್‌ನ ಸಂಸದ. ಜಡೇಜಾ ಮೇಲಿನ ನಿಷೇಧವನ್ನ ದೆಹಲಿ ಹೈಕೋರ್ಟ್ 2003ರಲ್ಲೇ ತೆಗೆದಿತ್ತು, 2023ರ ವಿಶ್ವಕಪ್‌ನಲ್ಲಿ ಅವನು ಅಫ್ಘಾನಿಸ್ತಾನಕ್ಕೆ ಮಾರ್ಗದರ್ಶಕನಾಗಿ ಬಂದಾಗ ಹಳೇದನ್ನ ಕೆದಕಿದವರು ನನಗಂತೂ ಕಾಣಲಿಲ್ಲ. ಇದನ್ನೂ ಹೇಳಿ. ಕೊನೆಗೆ ‘ಹಾಗಾದ್ರೆ ಅವರು ದುಡ್ಡು ತಗೊಂಡ್ರಾ ಇಲ್ವಾ?’ ಅಂದರೆ, ನಿಮಗೇನು ಅನ್ನಿಸುತ್ತೋ ಅದನ್ನ ನಿಮ್ಮ ಅನಿಸಿಕೆ ಅಂತಲೇ ಹೇಳಿ. ಹತ್ತು ವರ್ಷದ ಮಕ್ಕಳಿಗೆ ಅರ್ಥ ಆಗುತ್ತೆ, ಅರ್ಥ ಆಗದೆ ಇರೋದು ನಮ್ಮ ವಯಸ್ಸಿನವರಿಗೆ.

ಆ ಹೈಕೋರ್ಟ್ ತೀರ್ಪಿನ ರಾತ್ರಿ, ಹನ್ನೆರಡು ವರ್ಷದ ಮೇಲೆ, ಯಾರಿಂದಲೋ ನಂಬರ್ ಇಸ್ಕೊಂಡು ಕಾಲರ್‌ಗೆ ಮೆಸೇಜ್ ಹಾಕಿದೆ. ನನ್ನ ಹೆಸರು ಬರೆದು, ‘ಅಜರ್ ಮೇಲಿನ ಬ್ಯಾನ್ ಹೋಯ್ತಂತೆ’ ಅಂದೆ. ಕ್ಷಮೆ ಕೇಳೋಕೆ ಅಂತಲೇ ಶುರು ಮಾಡಿದ್ದು, ಅರ್ಧಕ್ಕೇ ಧೈರ್ಯ ಹೋಗಿ ಸುದ್ದಿ ಕಳಿಸಿದೆ. ಇದೂ ಒಂದು ಹೇಡಿತನವೇ. ಮರುದಿನ ಮಧ್ಯಾಹ್ನ ಉತ್ತರ ಬಂತು: ‘ಯಾರ ಅಜರ್?’

ಯಾವ ಅಜರ್ ಅಂತ ಕೇಳಲಿಲ್ಲ. ಯಾರ ಅಜರ್ ಅಂತ ಕೇಳಿದ. ನಾನು ಏನೋ ಟೈಪ್ ಮಾಡಿ ಅಳಿಸಿದೆ, ಮಾಡಿ ಅಳಿಸಿದೆ. ಕೊನೆಗೆ ಏನೂ ಕಳಿಸಲಿಲ್ಲ. ಆ ನಂಬರ್ ಈಗ ಚಾಲ್ತಿಯಲ್ಲಿಲ್ಲ.

ವಿಡಿಯೋ ಧೈರ್ಯವಾಗಿ ತೋರಿಸಿ. ಮಗನೊಬ್ಬನನ್ನೇ ಕೂರಿಸಬೇಡಿ, ಅವನ ಜೊತೆ ಆಡೋ ಹುಡುಗರು ಯಾರಿದ್ದಾರೋ ಎಲ್ಲರನ್ನೂ ಕರೀರಿ, ಹೇಳೋದನ್ನ ಎಲ್ಲರ ಮುಂದೆ ಒಂದೇ ಥರ ಹೇಳಿ. ಬೆಂಗಳೂರಿನ 102 ಆಮೇಲೆ ಇರಲಿ, ಈಡನ್ ಗಾರ್ಡನ್ಸ್‌ನಿಂದ ಶುರು ಮಾಡಿ. ಕ್ಲೂಸೆನರ್ ಓವರ್ ಬಂದಾಗ ಯಾರೂ ಮಾತಾಡಬಾರದು. ನಮ್ಮಲ್ಲಿ ಆ ಐದು ಶಾಟನ್ನೂ ವರಾಂಡದಲ್ಲಿ ಅಮ್ಮಿಯ ಮಡಿಸೋ ಛತ್ರಿ ಹಿಡಿದು ಹೊಡೆದು ತೋರಿಸಬಲ್ಲವನು ಒಬ್ಬನೇ ಇದ್ದ. ಕೊನೆಯ ಫೋರ್‌ಗೆ ಪ್ರತಿ ಸಲ ಕಾಲರ್ ಇನ್ನೊಮ್ಮೆ ಎತ್ತಿಕೊಳ್ತಿದ್ದ.