ಗೇಮಿಂಗ್ ಹ್ಯಾಂಡ್‌ಹೆಲ್ಡ್: ಮೊದಲು ವ್ಯಾಟ್‌ಅವರ್ ನೋಡಿ

ಹ್ಯಾಂಡ್‌ಹೆಲ್ಡ್ ಪಿಸಿ, ಅಂದರೆ ಕೈಯಲ್ಲೇ ಹಿಡಿದು ಕಂಪ್ಯೂಟರ್ ಗೇಮ್ ಆಡುವ ಮೆಷಿನ್, ಅದರ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದನ್ನೇ ಕೇಳುತ್ತವೆ: "ಯಾವುದು ಎಲ್ಲಕ್ಕಿಂತ ಪವರ್‌ಫುಲ್?" ಮುಂಬೈಯ ಮಾಟುಂಗಾದ ಕಾಲೇಜು ಹುಡುಗರೂ ಇದನ್ನೇ ಕೇಳುತ್ತಾರೆ, ಠಾಣೆಯ ಬ್ಯಾಂಕ್ ನೌಕರರೂ ಇದನ್ನೇ ಕೇಳುತ್ತಾರೆ. ಕೊಂಡು ಸ್ವಲ್ಪ ದಿನವಾದ ಮೇಲೆ ಅವರೇ ನನ್ನ ರಿಪೇರಿ ಮೇಜಿನ ಮುಂದೆ ನಿಂತು "ಚಾರ್ಜ್ ನಿಲ್ಲುವುದೇ ಇಲ್ಲ ಸರ್" ಅನ್ನುತ್ತಾರೆ. ತೆರೆದು ನೋಡಿದರೆ ಮೆಷಿನ್ ಸರಿಯಾಗಿಯೇ ಇರುತ್ತದೆ. ಡಬ್ಬಿಯ ಮೇಲೆ ಬರೆದಿದ್ದ ಒಂದು ಅಂಕಿಯನ್ನು ಮಾತ್ರ ಯಾರೂ ಓದಿರುವುದಿಲ್ಲ: ವ್ಯಾಟ್‌ಅವರ್, ಅಂದರೆ ಬ್ಯಾಟರಿಯಲ್ಲಿ ಎಷ್ಟು ಶಕ್ತಿ ತುಂಬುತ್ತದೆ ಎನ್ನುವ ಲೆಕ್ಕ. ಅದಕ್ಕೇ ಈ ಸಲ ಒಂದು ಪತ್ರಕ್ಕೆ ಉದ್ದ ಉತ್ತರ.

ಪ್ರಶ್ನೆ: ಮನೆ ಡೊಂಬಿವ್ಲಿ, ಕೆಲಸ ಫೋರ್ಟಿನಲ್ಲಿ. ದಿನಾ ಲೋಕಲ್ ರೈಲು. ವರ್ಷಕ್ಕೆ ಎರಡು ಮೂರು ಸಲ ಮತ್ಸ್ಯಗಂಧ ರೈಲಿನಲ್ಲಿ ಕುಂದಾಪುರಕ್ಕೆ ಹೋಗುತ್ತೇನೆ. ಸ್ಟೀಮ್ ಡೆಕ್ ಓಎಲ್‌ಇಡಿ, ಆರ್‌ಒಜಿ ಅಲೈ, ಅಲೈ ಎಕ್ಸ್, ಲೀಜನ್ ಗೋ, ಇವುಗಳಲ್ಲಿ ಯಾವುದು ಹೆಚ್ಚು ಪವರ್‌ಫುಲ್? ಲೀಜನ್ ಗೋದ ಪರದೆ ದೊಡ್ಡದು, 144 ಹರ್ಟ್ಜ್ ಬೇರೆ (ಸೆಕೆಂಡಿಗೆ 144 ಸಲ ಚಿತ್ರ ಬದಲಾಗುತ್ತದೆ). ಅದನ್ನೇ ತೆಗೆದುಕೊಳ್ಳೋಣ ಎಂದಿದ್ದೇನೆ.

ಉತ್ತರ: ತೆಗೆದುಕೊಳ್ಳಬೇಡಿ. ಕಾರಣ ಹೇಳುತ್ತೇನೆ.

ನಿಮ್ಮ ಪಟ್ಟಿಯ ಅಲೈ, ಅಲೈ ಎಕ್ಸ್, ಲೀಜನ್ ಗೋ ಮೂರರಲ್ಲೂ ಇರುವುದು ಒಂದೇ ಚಿಪ್, ಎಎಂಡಿಯ ಝಡ್1 ಎಕ್ಸ್‌ಟ್ರೀಮ್. ಝೆನ್ 4 ಎಂಬ ಪೀಳಿಗೆಯ 8 ಕೋರ್ (ಲೆಕ್ಕ ಮಾಡುವ ಭಾಗಗಳು), ಗ್ರಾಫಿಕ್ಸ್‌ನ 12 ಯೂನಿಟ್. ಚಿಪ್ ಒಂದೇ ಆದಮೇಲೆ ಪವರ್‌ಫುಲ್ ಯಾವುದೆಂಬ ಮಾತು ಅಲ್ಲಿಗೇ ಮುಗಿಯಿತು. ಬೇರೆಯಾಗಿರುವುದು ಬ್ಯಾಟರಿ. 2023ರ ಅಲೈಯಲ್ಲಿ 40 ವ್ಯಾಟ್‌ಅವರ್, ಲೀಜನ್ ಗೋದಲ್ಲಿ 49.2, 2024ರ ಅಲೈ ಎಕ್ಸ್‌ನಲ್ಲಿ 80. ಸ್ಟೀಮ್ ಡೆಕ್ ಓಎಲ್‌ಇಡಿಯಲ್ಲಿ 50, ಆದರೆ ಅದರ ಚಿಪ್ ಹಳೆಯದು: ಝೆನ್ 2ರ 4 ಕೋರ್, 8 ಗ್ರಾಫಿಕ್ಸ್ ಯೂನಿಟ್.

ಈಗ ಲೆಕ್ಕ ಹಾಕಿ. ಚಿಪ್ಪಿಗೆ 15 ವ್ಯಾಟ್ ಕೊಟ್ಟು ಆಡುತ್ತೀರಿ ಎಂದುಕೊಳ್ಳಿ. ಪರದೆ, ರ‍್ಯಾಮ್, ಫ್ಯಾನ್, ವೈಫೈ ಎಲ್ಲ ಸೇರಿ ಮೇಲೆ ಇನ್ನೊಂದು 8ರಿಂದ 10 ವ್ಯಾಟ್ ಎಳೆಯುತ್ತವೆ. ಒಟ್ಟು ಸುಮಾರು 24 ಎಂದು ಹಿಡಿದರೆ 40 ವ್ಯಾಟ್‌ಅವರ್ ಬ್ಯಾಟರಿ ಒಂದು ಗಂಟೆ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. 80ರದ್ದು ಮೂರು ಗಂಟೆ ಇಪ್ಪತ್ತು ನಿಮಿಷ. ಅದೇ ಅಲೈಯನ್ನು ಚಿಪ್ಪಿಗೆ 25 ವ್ಯಾಟ್ ಕೊಡುವ ಟರ್ಬೋ ಮೋಡಿನಲ್ಲಿ ಓಡಿಸಿದರೆ ಒಂದು ಗಂಟೆ ದಾಟುವುದೇ ಕಷ್ಟ. ಪನ್ವೇಲ್ ಬಿಟ್ಟ ಮೇಲೆ ರೋಹಾ ಬರುವಷ್ಟರಲ್ಲಿ ನಿಮ್ಮ ಆಟ ಮುಗಿದಿರುತ್ತದೆ, ಕುಂದಾಪುರ ಇನ್ನೂ ಒಂದು ರಾತ್ರಿ ದೂರ.

ಲೀಜನ್ ಗೋದ ಪರದೆ ನೋಡಿ ಮರುಳಾಗುವವರಿಗೆ ಇನ್ನೊಂದು ಲೆಕ್ಕ. ಅದು 2560×1600, ಡೆಕ್‌ನದು 1280×800. ಅಂದರೆ ಸರಿಯಾಗಿ ನಾಲ್ಕು ಪಟ್ಟು ಪಿಕ್ಸೆಲ್. ಅಷ್ಟು ಪಿಕ್ಸೆಲ್‌ಗಳನ್ನು ಹೊಸ ಗೇಮ್‌ಗಳಲ್ಲಿ ತುಂಬುವ ಶಕ್ತಿ ಆ ಚಿಪ್ಪಿಗಿಲ್ಲ. ಕೊನೆಗೆ ನೀವೇ ಸೆಟ್ಟಿಂಗ್‌ಗೆ ಹೋಗಿ 1280×800ಕ್ಕೆ ಇಳಿಸುತ್ತೀರಿ. 144 ಹರ್ಟ್ಜ್ ಎಂದು ಹಿಗ್ಗುವವರು ಅದರಲ್ಲಿ ವಿಆರ್‌ಆರ್ ಇಲ್ಲ ಎಂಬುದನ್ನು ಗಮನಿಸುವುದಿಲ್ಲ. ಫ್ರೇಮ್, ಅಂದರೆ ಗೇಮ್ ಸೆಕೆಂಡಿಗೆ ಮೂಡಿಸುವ ಚಿತ್ರಗಳು, ಏರಿಳಿದಾಗ ಪರದೆಯ ವೇಗವನ್ನೂ ಅದಕ್ಕೆ ಹೊಂದಿಸಿ ಚಿತ್ರ ಒಡೆಯದಂತೆ ಕಾಯುವುದು ಈ ವಿಆರ್‌ಆರ್. ಅಲೈ ಮತ್ತು ಅಲೈ ಎಕ್ಸ್‌ನ 120 ಹರ್ಟ್ಜ್ ಪರದೆಯಲ್ಲಿ ಅದು ಇದೆ.

ತೂಕದ ವಿಷಯವನ್ನು ವಿಡಿಯೊ ಮಾಡುವವರು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತಾರೆ. ನನಗೆ ಅದು ಮುಖ್ಯ. ಕಂಟ್ರೋಲರ್ ಸೇರಿ ಲೀಜನ್ ಗೋ 854 ಗ್ರಾಂ. ಅಲೈ 608, ಡೆಕ್ ಓಎಲ್‌ಇಡಿ 640, ಅಲೈ ಎಕ್ಸ್ 678. ಮೇಲಿನ ಬರ್ತಿನಲ್ಲಿ ಅಂಗಾತ ಮಲಗಿ 854 ಗ್ರಾಂ ಅನ್ನು ಮುಖದ ಮೇಲೆ ಎತ್ತಿ ಹಿಡಿದು ನೋಡಿ, ಹತ್ತು ನಿಮಿಷಕ್ಕೆ ಮಣಿಕಟ್ಟು ಹೇಳುತ್ತದೆ. ಇಂಟೆಲ್ ಚಿಪ್ಪಿನ ಎಂಎಸ್‌ಐ ಕ್ಲಾ 8 ಎಐ ಪ್ಲಸ್ ಬಗ್ಗೆ ಬೇರೆಯವರೂ ಕೇಳಿದ್ದಾರೆ. ಒಳ್ಳೆಯ ಮೆಷಿನ್, ಬ್ಯಾಟರಿ 80 ವ್ಯಾಟ್‌ಅವರ್, ಕಡಿಮೆ ವ್ಯಾಟಿನಲ್ಲಿ ಚೆನ್ನಾಗಿ ಓಡುತ್ತದೆ. ಆದರೆ 795 ಗ್ರಾಂ. ಕೈಯಲ್ಲಿ ಹಿಡಿದು ನೋಡದೆ ಆರ್ಡರ್ ಮಾಡಬೇಡಿ.

ಇನ್ನು ಡೆಕ್. ವಿದ್ಯುತ್ತು ಕಡಿಮೆ ಇದ್ದಾಗ, ಅಂದರೆ ಚಿಪ್ಪಿಗೆ 10 ವ್ಯಾಟಿನ ಒಳಗೆ, ಅದು ಝಡ್1 ಎಕ್ಸ್‌ಟ್ರೀಮ್‌ಗಿಂತ ಚೆನ್ನಾಗಿ ಆಡಿಸುತ್ತದೆ. ಸಣ್ಣ ತಂಡಗಳು ಮಾಡುವ ಹಗುರವಾದ ಇಂಡೀ ಗೇಮ್‌ಗಳು ಐದು ಗಂಟೆ ದಾಟುತ್ತವೆ. ಅದಕ್ಕಿಂತ ಮುಖ್ಯ ಅದರ ನಿದ್ದೆ. ಪವರ್ ಬಟನ್ ಒತ್ತಿದರೆ ಗೇಮ್ ಇದ್ದಲ್ಲೇ ನಿಲ್ಲುತ್ತದೆ, ಮತ್ತೆ ಒತ್ತಿದರೆ ಅಲ್ಲಿಂದಲೇ ಮುಂದುವರಿಯುತ್ತದೆ. ಅಲೈ, ಲೀಜನ್ ಗೋದಂಥ ವಿಂಡೋಸ್ ಮೆಷಿನ್‌ಗಳು ಚೀಲದೊಳಗೆ ತಾವೇ ಎಚ್ಚರಗೊಂಡು, ಬಿಸಿಯಾಗಿ, ಅರ್ಧ ಬ್ಯಾಟರಿ ತಿಂದು ಕೂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ವಿಂಡೋಸ್ ಇದ್ದರೆ ಪವರ್ ಬಟನ್ನಿಗೆ ಸ್ಲೀಪ್ ಬದಲು ಹೈಬರ್ನೇಟ್ (ಇದ್ದದ್ದನ್ನು ಉಳಿಸಿಕೊಂಡು ಪೂರ್ತಿ ಆಫ್ ಆಗುವುದು) ಹಾಕಿ. ಏಳಲು ಕೆಲವು ಸೆಕೆಂಡು ಹೆಚ್ಚು ಬೇಕು, ಅಷ್ಟೇ.

ಇಷ್ಟೆಲ್ಲ ಇದ್ದರೂ ನಿಮಗೆ ಡೆಕ್ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ವಾಲ್ವ್ ಕಂಪನಿ ಅದನ್ನು ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವುದೂ, ಭಾವ ಹೊರದೇಶದಿಂದ ತರುವುದೂ ಇಲ್ಲಿ ವಾರಂಟಿ ಇಲ್ಲದ ಮಾಲು. "ಒಂದು ವರ್ಷ ನಮ್ಮದೇ ಗ್ಯಾರಂಟಿ" ಎಂದು ಅಂಗಡಿಯವರು ಕಾರ್ಡಿನ ಹಿಂದೆ ಬರೆದು ಕೊಟ್ಟರೆ ಅದು ಆ ಅಂಗಡಿ ಇರುವವರೆಗಿನ ಮಾತು. ಜಾಯ್‌ಸ್ಟಿಕ್ ಹೋದರೆ ಬದಲಿಸಬಹುದು, ಬಿಡಿಭಾಗ ತರಿಸಬಹುದು. ಪರದೆಯೋ ಮದರ್‌ಬೋರ್ಡೋ ಹೋದರೆ ಹಣ ಹೋದಂತೆಯೇ. ದುಡಿದ ದುಡ್ಡು, ಬಿಲ್ ಇರುವ ವಸ್ತುವಿನ ಮೇಲೆ ಹಾಕಿ.

ಹಾಗಾಗಿ ನಿಮಗೆ ಅಲೈ ಎಕ್ಸ್. ಅಥವಾ 2025ರಲ್ಲಿ ಬಂದ ಅದರ ಮುಂದಿನ ಪೀಳಿಗೆ, ಎಕ್ಸ್‌ಬಾಕ್ಸ್ ಹೆಸರಿನ ಅಲೈ ಎಕ್ಸ್. ಅದರಲ್ಲೂ 80 ವ್ಯಾಟ್‌ಅವರ್, ತೂಕ 715 ಗ್ರಾಂ. ಹಳೆಯ ಅಲೈ ಅಗ್ಗಕ್ಕೆ ಸಿಕ್ಕರೆ ಅದು ಮನೆಯ ಸೋಫಾಕ್ಕೆ ಸಾಕು, ಊರಿನ ರೈಲಿಗೆ ಬೇಡ.

ಕೊಂಡ ಮೇಲೆ ಸೆಟ್ಟಿಂಗಿನಲ್ಲಿ ಫ್ರೇಮ್ ಅನ್ನು ಸೆಕೆಂಡಿಗೆ 40ಕ್ಕೆ ಕಟ್ಟಿ. 40 ಎಂದರೆ ಒಂದು ಫ್ರೇಮಿಗೆ 25 ಮಿಲಿಸೆಕೆಂಡು, 30ರ 33.3 ಮತ್ತು 60ರ 16.7ಕ್ಕೆ ಅದು ಸರಿಯಾಗಿ ನಡುವೆ. ಕಣ್ಣಿಗೆ 60ರ ಹತ್ತಿರ, ಬ್ಯಾಟರಿಗೆ 30ರ ಹತ್ತಿರ. 120 ಹರ್ಟ್ಜ್ ಪರದೆಗೆ 40 ಸಮನಾಗಿ ಭಾಗವಾಗುತ್ತದೆ, ಚಿತ್ರ ಜರ್ಕ್ ಹೊಡೆಯುವುದಿಲ್ಲ. ಬ್ಯಾಟರಿ ಬೇಗ ಮುಗಿಯುತ್ತದೆ ಎಂದು ಬರುವವರಿಗೆಲ್ಲ ನಾನು ಮೊದಲು ಮಾಡಿಕೊಡುವುದು ಇದನ್ನೇ.

ರೈಲಿನ ಸಾಕೆಟ್ ನಂಬಬೇಡಿ. ಅದು ಮೊಬೈಲಿಗೆಂದು ಇಟ್ಟದ್ದು, ಮೇಲಾಗಿ ಬೆಂಕಿ ಅನಾಹುತಗಳ ಭಯದಿಂದ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಅವನ್ನು ಬಂದ್ ಇಡಬೇಕೆಂದು 2021ರಲ್ಲೇ ರೈಲ್ವೆ ಹೇಳಿತ್ತು. ನೆಟ್‌ವರ್ಕ್ ಕೂಡ ನಂಬಬೇಡಿ. ಕೊಂಕಣ ದಾರಿಯ ತುಂಬ ಸುರಂಗ, ರತ್ನಾಗಿರಿ ಹತ್ತಿರದ ಕರ್ಬುಡೆ ಒಂದೇ 6.5 ಕಿಲೋಮೀಟರ್ ಇದೆ. ಹೊರಡುವ ಹಿಂದಿನ ರಾತ್ರಿ ಪ್ರತಿ ಗೇಮನ್ನೂ ಒಮ್ಮೆ ಆನ್‌ಲೈನ್‌ನಲ್ಲಿ ತೆರೆಯಿರಿ, ಆಮೇಲೆ ವೈಫೈ ಆಫ್ ಮಾಡಿ ಮತ್ತೆ ತೆರೆಯಿರಿ. ತೆರೆದರೆ ಮಾತ್ರ ರೈಲಿನಲ್ಲೂ ತೆರೆಯುತ್ತದೆ.

ದಿನದ ಲೋಕಲ್ ಬಗ್ಗೆ: ಬೆಳಗಿನ ಸಿಎಸ್‌ಎಂಟಿ ಫಾಸ್ಟ್‌ನಲ್ಲಿ ಇದನ್ನು ಚೀಲದಿಂದ ಹೊರಗೇ ತೆಗೆಯಬೇಡಿ. ನಿಂತು ಒಂದು ಕೈಯಲ್ಲಿ ಹಿಡಿಯುವ ವಸ್ತುವಲ್ಲ ಇದು. ಡೊಂಬಿವ್ಲಿಯಿಂದಲೇ ಹೊರಡುವ ಗಾಡಿಯಲ್ಲಿ ಸೀಟು ಸಿಕ್ಕರೆ ಒಳಗಿನ ಜಾಗದಲ್ಲಿ ಕೂತು ಆಡಿ. ಬಾಗಿಲ ಬಳಿ, ಕಿಟಕಿ ಬಳಿ ಬೇಡವೇ ಬೇಡ. ಹಳಿ ಪಕ್ಕ ನಿಂತು ಕೋಲಿನಿಂದ ಕೈಗೆ ಹೊಡೆದು ಫೋನ್ ಬೀಳಿಸುವ ಫಟ್ಕಾ ಗ್ಯಾಂಗಿನವರಿಗೆ ಇದು ಫೋನಿಗಿಂತ ದೊಡ್ಡ ಗುರಿ. ಒಂದು ಆಟಕ್ಕಾಗಿ ಕೈ ಹೋಗುವುದು, ಪ್ರಾಣ ಹೋಗುವುದು ಬೇಡ.

ಪ್ರಶ್ನೆ: ನನ್ನ ಅಲೈಯಲ್ಲಿ ಅದೇ ಕವಚದೊಳಗೆ ಡಬಲ್ ಬ್ಯಾಟರಿ ಕೂರಿಸಿ ಕೊಡುತ್ತೇನೆ ಎಂದು ಒಬ್ಬ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಮಾಡಿಸಲೇ? (ಘಾಟ್ಕೋಪರ್)

ಉತ್ತರ: ಅವರ ಮುಂದೆ ಮೆಷಿನ್ ತೆರೆಯಲೂ ಬಿಡಬೇಡಿ. ಅಷ್ಟೇ ಜಾಗದಲ್ಲಿ ಎರಡರಷ್ಟು ಶಕ್ತಿ ತುಂಬುವ ಲಿಥಿಯಂ ಸೆಲ್ ಮಾರುಕಟ್ಟೆಯಲ್ಲಿಲ್ಲ. ದೊಡ್ಡ ಬ್ಯಾಟರಿಗೆ ದೊಡ್ಡ ಜಾಗ ಬೇಕು, ಹಿಂದಿನ ಕವಚವೇ ಬದಲಾಗಬೇಕು. ಇವರು ಹಾಕುವುದು ಹೆಸರಿಲ್ಲದ ಸೆಲ್, ಮೇಲೆ ದೊಡ್ಡ ಅಂಕಿಯ ಸ್ಟಿಕ್ಕರ್. ಅಂಥವು ಉಬ್ಬಿ, ಪರದೆಯನ್ನು ಒಳಗಿನಿಂದ ತಳ್ಳಿ ಎಬ್ಬಿಸಿದ ಮೆಷಿನ್‌ಗಳು ನನ್ನ ಬಳಿ ಬರುತ್ತಲೇ ಇವೆ. ಉಬ್ಬಿದ ಬ್ಯಾಟರಿ ಮಲಗುವ ಕೋಣೆಯಲ್ಲಿ ಹೊತ್ತಿಕೊಂಡರೆ ಆ ಮೆಕ್ಯಾನಿಕ್ ಬರುವುದಿಲ್ಲ.

ಪ್ರಶ್ನೆ: ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕಲ್ಲವೇ? (ಪುಣೆ)

ಉತ್ತರ: ಇಲ್ಲ. ಅದು ನಿಕಲ್ ಕ್ಯಾಡ್ಮಿಯಂ ಕಾಲದ ಮಾತು. ಮನೆಯಲ್ಲಿ ಚಾರ್ಜರಿಗೆ ಹಾಕಿಯೇ ಆಡುವವರು ಸೆಟ್ಟಿಂಗಿನಲ್ಲಿ 80 ಶೇಕಡಾ ಮಿತಿ ಹಾಕಿಕೊಳ್ಳಿ.

ಪ್ರಶ್ನೆ: ಇದರಲ್ಲಿ ಬಿಜಿಎಂಐ, ವ್ಯಾಲೊರಂಟ್ ಆಡಬಹುದೇ? (ಮೀರಾ ರೋಡ್)

ಉತ್ತರ: ಬಿಜಿಎಂಐ ಮೊಬೈಲ್ ಗೇಮ್, ಅದನ್ನು ಮೊಬೈಲಿನಲ್ಲೇ ಆಡಿ. ಪಿಸಿಯಲ್ಲಿ ವ್ಯಾಲೊರಂಟ್ ವಿಂಡೋಸ್‌ನಲ್ಲಿ ಮಾತ್ರ, ಡೆಕ್‌ನ ಸ್ಟೀಮ್‌ಓಎಸ್‌ನಲ್ಲಿ ಅದರ ಆ್ಯಂಟಿಚೀಟ್ (ಮೋಸದ ಆಟ ತಡೆಯುವ ಸಾಫ್ಟ್‌ವೇರ್) ಓಡುವುದಿಲ್ಲ. ವಿಂಡೋಸ್ ಇದ್ದರೂ ಮೌಸ್ ಇಲ್ಲದೆ ಅದನ್ನು ಆಡಿ ಉಪಯೋಗವಿಲ್ಲ.

ಪ್ರಶ್ನೆ: ಮೂರು ಸಾವಿರಕ್ಕೆ ಹತ್ತು ಸಾವಿರ ಗೇಮ್ ಇರುವ ಹ್ಯಾಂಡ್‌ಹೆಲ್ಡ್ ಸಿಗುತ್ತಿದೆ, ಮಗನಿಗೆ ಕೊಡಿಸಲೇ? (ವಾಶಿ)

ಉತ್ತರ: ಅದು ಪಿಸಿ ಅಲ್ಲ. ಅದರೊಳಗಿರುವುದು ಹಳೆಯ ಗೇಮ್‌ಗಳ ಕದ್ದ ಪ್ರತಿಗಳು. ಬೇಡ.

ಪ್ರಶ್ನೆ: ಮಳೆಯಲ್ಲಿ ಡೆಕ್ ನೆನೆದಿದೆ. ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಎಷ್ಟು ದಿನ ಇಡಬೇಕು? (ಮಡಗಾಂವ್)

ಉತ್ತರ: ಈಗಲೇ ಹೊರಗೆ ತೆಗೆಯಿರಿ. ಅಕ್ಕಿ ಒಳಗಿನ ನೀರನ್ನು ಎಳೆದುಕೊಳ್ಳುವುದಿಲ್ಲ. ಅದರ ಹುಡಿ ಫ್ಯಾನಿನ ದಾರಿಯಲ್ಲಿ ಒಳಗೆ ಹೋಗಿ ಒದ್ದೆ ಬೋರ್ಡಿಗೆ ಅಂಟುತ್ತದೆ, ನೀವು ಕಾಯುತ್ತಿರುವ ಅಷ್ಟೂ ಹೊತ್ತು ತಾಮ್ರ ಹಸಿರುಗಟ್ಟುತ್ತಲೇ ಇರುತ್ತದೆ. ಆನ್ ಮಾಡಬೇಡಿ, ಚಾರ್ಜಿಗೆ ಹಾಕಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಇವತ್ತೇ ಬಲ್ಲವರ ಬಳಿ ಒಯ್ದು ತೆರೆಸಿ, ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇಸಿನೊಳಗೆ ಹಾಕುವ ಮುಂಚೆ ಒಂದು ಜಿಪ್ ಕವರಿನಲ್ಲಿ ಹಾಕಿಡಿ. ನೀರು ತಡೆಯುವ ರೇಟಿಂಗ್ ಮೇಲೆ ಹೇಳಿದ ಯಾವ ಮೆಷಿನ್ನಿಗೂ ಇಲ್ಲ.